ಅಜ್ಜಿಯ ಕೈಗೆ ರಿಮೋಟ್ ಕೊಟ್ಟು ನೋಡಿ: ಡಿವಿಡಿ ಮೆನು ಮಾಡುವ ಬಗೆ

ಮದುವೆ ಡಿವಿಡಿ ಕೊಟ್ಟು ನಾಲ್ಕು ದಿನ ಆಗಿತ್ತು. ಪಾರ್ಟಿ ಮನೆಯಿಂದ ಫೋನ್ ಬಂತು. ಮಾತಾಡಿದ್ದು ಹುಡುಗಿಯ ಅಜ್ಜಿ.

"ಏನಪ್ಪಾ, ಧಾರೆ ನೋಡೋಣ ಅಂತ ಒತ್ತಿದ್ರೆ ಮತ್ತೆ ಚಪ್ಪರದ್ದೇ ಬರುತ್ತೆ. ಎಷ್ಟು ಸಲ ನೋಡೋದು ಆ ಚಪ್ಪರನ?"

ಹೋಗಿ ನೋಡಿದೆ. ಹಾಲ್‌ನಲ್ಲಿ ಹಳೇ ಡಬ್ಬಾ ಟಿವಿ, ಅದರಿಂದ ಹತ್ತಡಿ ದೂರದಲ್ಲಿ ದಿವಾನ್, ದಿವಾನ್ ಮೇಲೆ ಅಜ್ಜಿ. ನಾನು ಮಾಡಿದ ಮೆನು ಪರದೆ ಮೇಲಿತ್ತು. ಕೆನೆ ಬಣ್ಣದ ಹಿನ್ನೆಲೆ, ಚಿನ್ನದ ಅಕ್ಷರ, ಆಯ್ಕೆಯಾದ ಬಟನ್‌ಗೆ ತಿಳಿ ಹಳದಿ. ನನ್ನ ಮಾನಿಟರ್ ಮೇಲೆ ಎಷ್ಟು ಚೆನ್ನಾಗಿ ಕಂಡಿತ್ತು ಗೊತ್ತಾ? ಇಲ್ಲಿ ನೋಡಿದರೆ ಯಾವ ಬಟನ್ ಬೆಳಗಿದೆ ಅಂತ ನನಗೇ ತಿಳಿಯಲಿಲ್ಲ. ಅಜ್ಜಿ ಸುಮ್ನೆ ಓಕೆ ಒತ್ತುತ್ತಿದ್ದರು. ಮೊದಲ ಬಟನ್ನೇ ಓಡುತ್ತಿತ್ತು. ತಪ್ಪು ಅಜ್ಜಿಯದಲ್ಲ.

ಆಮೇಲಿಂದ ನಾನು ಮೆನು ಮಾಡುವ ಕ್ರಮವನ್ನೇ ಬದಲಿಸಿಕೊಂಡೆ. ಮೊದಲು ದಾರಿ, ಆಮೇಲೆ ಅಂದ. ಆ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಈಗಲೂ ಯಾರು ಡಿವಿಡಿ ಮಾಡಿಸ್ತಾರೆ ಅಂತ ಕೇಳುವವರಿದ್ದಾರೆ. ಪೆನ್‌ಡ್ರೈವ್ ಕೊಟ್ಟರೆ ಮುಗೀತು, ನಿಜ. ಆದರೆ ಪೆನ್‌ಡ್ರೈವ್ ಕೊಟ್ಟರೆ ಟಿವಿಯಲ್ಲಿ ಕಾಣುವುದು ಫೈಲ್ ಹೆಸರುಗಳ ಪಟ್ಟಿ. ಡಿವಿಡಿ ಹಾಕಿದರೆ ಫೋಟೊ ಬರುತ್ತದೆ, ನಾದಸ್ವರ ಕೇಳುತ್ತದೆ, ಬೇಕಾದ ಶಾಸ್ತ್ರವನ್ನು ಆರಿಸಿ ನೋಡಬಹುದು. ಶಾಲೆಯ ವಾರ್ಷಿಕೋತ್ಸವ, ಭರತನಾಟ್ಯ ರಂಗಪ್ರವೇಶ, ರಾತ್ರಿಯಿಡೀ ನಡೆದ ಯಕ್ಷಗಾನದ ರೆಕಾರ್ಡಿಂಗ್ ಇಂಥವಕ್ಕೆ ಇದು ಇನ್ನೂ ಚೆನ್ನಾಗಿಯೇ ಒಪ್ಪುತ್ತದೆ.

ಯಾವ ಸಾಫ್ಟ್‌ವೇರ್

ಅಡೋಬ್ ಎನ್‌ಕೋರ್ ಅನ್ನು ಈಗಲೂ ಕೆಲವು ಸ್ಟುಡಿಯೊಗಳು ಬಳಸುತ್ತಿವೆ. ಅದರ ಕೊನೆಯ ಆವೃತ್ತಿ ಸಿಎಸ್6, ಬಂದದ್ದು 2012ರಲ್ಲಿ. ವಿಂಡೋಸ್ ವಿಸ್ಟಾ ಮತ್ತು 7ರ ಜೊತೆ ಡಿವಿಡಿ ಮೇಕರ್ ಅಂತ ಒಂದಿತ್ತು, 8ರಿಂದ ಅದೂ ಇಲ್ಲ. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಡಿವಿಡಿ ಸ್ಟೈಲರ್. ಉಚಿತ, ಓಪನ್ ಸೋರ್ಸ್, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡುತ್ತದೆ. ನೋಡಲು ಸ್ವಲ್ಪ ಹಳೇ ಕಾಲದ್ದು. ಆದರೆ ಮೆನು ವಿಷಯದಲ್ಲಿ ಕೈ ಬಿಡುವುದಿಲ್ಲ. ಈ ಲೇಖನದ ಉದಾಹರಣೆಗಳೆಲ್ಲ ಅದರದ್ದೇ. ಬೇರೆ ಸಾಫ್ಟ್‌ವೇರ್ ಇದ್ದರೂ ಚಿಂತೆಯಿಲ್ಲ, ಡಿವಿಡಿಯ ನಿಯಮಗಳು ಎಲ್ಲ ಕಡೆ ಒಂದೇ.

ಮೊದಲು ಕಾಗದ, ಪೆನ್ಸಿಲ್

ಕಂಪ್ಯೂಟರ್ ಆನ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಮೆನುಗೂ ಒಂದು ಚೌಕ, ಪ್ರತಿ ವಿಡಿಯೊಗೂ ಒಂದು ಸುತ್ತು ಬರೆಯಿರಿ. ಯಾವ ಬಟನ್ ಒತ್ತಿದರೆ ಎಲ್ಲಿಗೆ ಹೋಗಬೇಕು ಅಂತ ಬಾಣ ಎಳೆಯಿರಿ. ವಿಡಿಯೊ ಮುಗಿದ ಮೇಲೆ ಎಲ್ಲಿಗೆ ವಾಪಸ್ ಬರಬೇಕು ಅನ್ನುವುದಕ್ಕೂ ಒಂದು ಬಾಣ ಬೇಕು. ಬಹಳ ಜನ ಈ ಎರಡನೇ ಬಾಣವನ್ನೇ ಮರೆಯುತ್ತಾರೆ. ವಿಡಿಯೊ ಮುಗಿದ ಮೇಲೆ ಪರದೆ ಕಪ್ಪಾಗಿ ನಿಂತುಬಿಡುವುದು ಇದರಿಂದಲೇ.

ನಮ್ಮ ಕಡೆಯ ಒಂದು ಮದುವೆಯ ನಕ್ಷೆ ಸಾಮಾನ್ಯವಾಗಿ ಹೀಗಿರುತ್ತದೆ. ಮುಖ್ಯ ಮೆನುವಿನಲ್ಲಿ ಮೂರೇ ಬಟನ್: ಪೂರ್ತಿ ನೋಡಿ, ಶಾಸ್ತ್ರಗಳು, ಆರತಕ್ಷತೆ. ಶಾಸ್ತ್ರಗಳು ಒತ್ತಿದರೆ ಎರಡನೇ ಮೆನು. ಅಲ್ಲಿ ಚಪ್ಪರ, ವರಪೂಜೆ, ಕಾಶಿಯಾತ್ರೆ, ಧಾರೆ, ಸಪ್ತಪದಿ, ಅರುಂಧತಿ ದರ್ಶನ, ಜೊತೆಗೆ ಹಿಂದೆ ಹೋಗಲು ಒಂದು ಬಟನ್. ಅಷ್ಟೇ.

ಡಿವಿಡಿ ನಿಯಮದ ಪ್ರಕಾರ ಒಂದು ಮೆನುವಿನಲ್ಲಿ 36 ಬಟನ್‌ವರೆಗೂ ಇಡಬಹುದು. ಅಗಲ ಪರದೆ ಮತ್ತು ಹಳೆಯ ಚೌಕ ಟಿವಿ ಎರಡಕ್ಕೂ ಹೊಂದುವ ಹಾಗೆ ಮಾಡಿದರೆ ಅದು 18ಕ್ಕೆ ಇಳಿಯುತ್ತದೆ. ಇದೆಲ್ಲ ತಿಳಿದಿರಲಿ ಅಂತ ಹೇಳಿದೆ. ಏಳಕ್ಕಿಂತ ಜಾಸ್ತಿ ಬಟನ್ ಇಟ್ಟರೆ ದಿವಾನ್ ಮೇಲಿಂದ ಓದಲು ಆಗುವುದಿಲ್ಲ. ಜಾಸ್ತಿ ಇದ್ದರೆ ಇನ್ನೊಂದು ಪುಟ ಮಾಡಿ.

ಜಾಗದ ಲೆಕ್ಕ

ಸಾಮಾನ್ಯ ಡಿವಿಡಿಯ ಮೇಲೆ 4.7 ಜಿಬಿ ಅಂತ ಬರೆದಿರುತ್ತದೆ. ಕಂಪ್ಯೂಟರ್‌ನಲ್ಲಿ ಅದು 4.37 ಜಿಬಿ ಅಂತ ಕಾಣುತ್ತದೆ. ಮೋಸ ಏನಿಲ್ಲ, ಎಣಿಸುವ ರೀತಿ ಬೇರೆ ಅಷ್ಟೇ. ಎರಡು ಪದರದ ಡಿಸ್ಕ್ 8.5 ಜಿಬಿ. ಆದರೆ ಮನೆಯಲ್ಲಿ ರೈಟ್ ಮಾಡಿದ ಎರಡು ಪದರದ ಡಿಸ್ಕ್ ಹಳೇ ಪ್ಲೇಯರ್‌ಗಳಿಗೆ ಅಷ್ಟಾಗಿ ಆಗಿಬರುವುದಿಲ್ಲ. ನಾನಂತೂ ಎರಡು ಡಿಸ್ಕ್ ಮಾಡಿಕೊಡುತ್ತೇನೆ.

4.7 ಜಿಬಿ ಅಂದರೆ ಸುಮಾರು 37,600 ಮೆಗಾಬಿಟ್. ಇದನ್ನು ವಿಡಿಯೊ ಎಷ್ಟು ಸೆಕೆಂಡ್ ಇದೆಯೋ ಅದರಿಂದ ಭಾಗಿಸಿ. ಎರಡು ಗಂಟೆಯ ವಿಡಿಯೊ ಅಂದರೆ 7,200 ಸೆಕೆಂಡ್, ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಸಿಗುತ್ತದೆ. ಒಂದೂವರೆ ಗಂಟೆಯಾದರೆ ಸುಮಾರು 7. ಮೂರು ಗಂಟೆ ತುರುಕಿದರೆ 3.5ಕ್ಕೆ ಇಳಿದು, ಮಂಟಪದ ಹೂವೆಲ್ಲ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಧ್ವನಿಗೂ ಮೆನುಗೂ ಇದರಲ್ಲೇ ಪಾಲು ಕೊಡಬೇಕು, ಆದ್ದರಿಂದ ನೂರಕ್ಕೆ ಐದರಷ್ಟು ಕೈಯಲ್ಲಿ ಉಳಿಸಿಕೊಳ್ಳಿ. ವಿಡಿಯೊಗೆ ಮೇಲಿನ ಮಿತಿ 9.8. ಅಲ್ಲಿವರೆಗೂ ಹೋಗಬೇಡಿ. ರೈಟ್ ಮಾಡಿದ ಡಿಸ್ಕ್ ಓದಲು ಹಳೇ ಪ್ಲೇಯರ್ ತಡವರಿಸುತ್ತದೆ. 8ಕ್ಕೆ ನಿಲ್ಲಿಸಿದರೆ ಕ್ಷೇಮ.

ಮೆನು ತಿನ್ನುವ ಜಾಗ ಕಡಿಮೆ. ಮೂವತ್ತು ಸೆಕೆಂಡಿನ ಚಲಿಸುವ ಮೆನು, ಸೆಕೆಂಡಿಗೆ 8 ಮೆಗಾಬಿಟ್ ಇದ್ದರೂ, ಬರೀ 30 ಎಂಬಿ. ಆದ್ದರಿಂದ ಮೆನುವಿನ ಗುಣಮಟ್ಟದಲ್ಲಿ ಜಿಪುಣತನ ಬೇಡ.

ಪ್ರಾಜೆಕ್ಟ್ ತೆರೆಯುವುದು

ಡಿವಿಡಿ ಸ್ಟೈಲರ್ ತೆರೆದ ಕೂಡಲೇ ಒಂದು ಕಿಟಕಿ ಬರುತ್ತದೆ. ಡಿಸ್ಕ್ ಹೆಸರು, ಅಳತೆ, ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್), ವಿಡಿಯೊ ಫಾರ್ಮ್ಯಾಟ್, ಪರದೆಯ ಆಕಾರ, ಆಡಿಯೊ ಫಾರ್ಮ್ಯಾಟ್ ಕೇಳುತ್ತದೆ. ಇಲ್ಲಿ ಅವಸರ ಬೇಡ. ನಡುವೆ ಬದಲಿಸಿದರೆ ಬಟನ್‌ಗಳ ಜಾಗವೆಲ್ಲ ಏರುಪೇರಾಗುತ್ತದೆ.

ವಿಡಿಯೊ ಫಾರ್ಮ್ಯಾಟ್ ನಮ್ಮ ದೇಶಕ್ಕೆ ಪಾಲ್: 720×576, ಸೆಕೆಂಡಿಗೆ 25 ಫ್ರೇಮ್. ಮಗ ಅಮೆರಿಕದಲ್ಲಿದ್ದಾನೆ, ಅವನಿಗೂ ಒಂದು ಕಾಪಿ ಅಂತ ಪಾರ್ಟಿ ಕೇಳುತ್ತಾರೆ. ಅದಕ್ಕೆ ಎನ್‌ಟಿಎಸ್‌ಸಿ: 720×480, ಸೆಕೆಂಡಿಗೆ 29.97 ಫ್ರೇಮ್. ಇಲ್ಲಿನ ಪ್ಲೇಯರ್‌ಗಳು ಎರಡನ್ನೂ ಓಡಿಸುವುದೇ ಜಾಸ್ತಿ. ಅಲ್ಲಿನ ಎಷ್ಟೋ ಪ್ಲೇಯರ್‌ಗಳು ಪಾಲ್ ಮುಟ್ಟುವುದಿಲ್ಲ. ಪ್ರಾಜೆಕ್ಟ್ ಬೇರೆಯೇ ಮಾಡಬೇಕು, ಅದಕ್ಕೆ ದುಡ್ಡೂ ಬೇರೆ ಅಂತ ಮೊದಲೇ ಹೇಳಿಬಿಡಿ.

ಆಡಿಯೊ 48 ಕಿಲೊಹರ್ಟ್ಸ್ ಇರಬೇಕು. ಸಿಡಿಯಿಂದ ತೆಗೆದ ಹಾಡು 44.1 ಇರುತ್ತದೆ, ಅದು ಡಿವಿಡಿಗೆ ಹೊಂದುವುದಿಲ್ಲ. ಸ್ಟೈಲರ್ ತಾನೇ ಬದಲಿಸಿಕೊಳ್ಳುತ್ತದೆ. ಬೇರೆ ಕೆಲವು ಸಾಫ್ಟ್‌ವೇರ್‌ಗಳು ಮುನಿಸಿಕೊಂಡು ಕೂರುತ್ತವೆ.

ಹಿನ್ನೆಲೆ ಚಿತ್ರ

ಇಲ್ಲಿ ಹೊಸಬರು ಎಡವುವುದು ಅಳತೆಯಲ್ಲಿ. ಡಿವಿಡಿಯ ಚುಕ್ಕೆಗಳು (ಪಿಕ್ಸೆಲ್) ಚೌಕವಲ್ಲ. 720×576 ಅನ್ನುವ ಅದೇ ಚಿತ್ರವನ್ನು ಟಿವಿ ಅಗಲ ಪರದೆಗೂ ಹಿಗ್ಗಿಸುತ್ತದೆ, ಚೌಕ ಪರದೆಗೂ ಹೊಂದಿಸುತ್ತದೆ. ಹಾಗಾಗಿ ಫೋಟೊಶಾಪ್ ಅಥವಾ ಜಿಂಪ್‌ನಲ್ಲಿ 16:9 ಮೆನುಗೆ 1024×576 ಅಳತೆಯಲ್ಲಿ, 4:3 ಮೆನುಗೆ 768×576 ಅಳತೆಯಲ್ಲಿ ಚಿತ್ರ ಮಾಡಿ. ಡಿವಿಡಿಗೆ ಹೋಗುವಾಗ ಅದು 720ಕ್ಕೆ ಕುಗ್ಗುತ್ತದೆ, ಟಿವಿಯಲ್ಲಿ ಮತ್ತೆ ಹಿಗ್ಗಿ ಸರಿಯಾಗುತ್ತದೆ. ಸರಿಯಾಯಿತೋ ಇಲ್ಲವೋ ಅಂತ ನೋಡಲು ಸುಲಭದ ದಾರಿ ಇದೆ: ಹುಡುಗಿಯ ಹಣೆಯ ಬೊಟ್ಟು ನೋಡಿ. ಗುಂಡಗಿದ್ದರೆ ಸರಿ. ಮೊಟ್ಟೆಯ ಹಾಗಿದ್ದರೆ ಅಳತೆ ತಪ್ಪಿದೆ.

ಹಳೇ ಟಿವಿಗಳು ಚಿತ್ರದ ಅಂಚನ್ನು ನುಂಗುತ್ತವೆ. ಆದ್ದರಿಂದ ನಾಲ್ಕೂ ಕಡೆ ನೂರಕ್ಕೆ ಹತ್ತರಷ್ಟು ಬಿಡಬೇಕು. 1024×576 ಚಿತ್ರದಲ್ಲಿ ಎಡಬಲಕ್ಕೆ 102 ಚುಕ್ಕೆ, ಮೇಲೆ ಕೆಳಗೆ 58 ಚುಕ್ಕೆ. ಅಕ್ಷರ, ಬಟನ್ ಎಲ್ಲ ಇದರ ಒಳಗೇ. ಹೂವಿನ ಬಳ್ಳಿ, ಬಾರ್ಡರ್ ಇಂಥವು ಹೊರಗೆ ಹೋದರೆ ಪರವಾಗಿಲ್ಲ. ಸ್ಟೈಲರ್‌ನ ವ್ಯೂ ಮೆನುವಿನಲ್ಲಿ ಈ ಸುರಕ್ಷಿತ ಜಾಗದ ಗೆರೆಯನ್ನು ತೋರಿಸುವ ಆಯ್ಕೆ ಇದೆ. ಯಾವಾಗಲೂ ಆನ್ ಇಟ್ಟುಕೊಂಡಿರಿ.

ಇನ್ನೆರಡು ವಿಷಯ. ಒಂದೇ ಚುಕ್ಕೆ ದಪ್ಪದ ಅಡ್ಡಗೆರೆ ಹಳೇ ಟಿವಿಯಲ್ಲಿ ಪಟಪಟ ಮಿಣುಕುತ್ತದೆ, ಕನಿಷ್ಠ ಮೂರು ಚುಕ್ಕೆ ದಪ್ಪ ಇಡಿ. ಕಡು ಕೆಂಪು ಬಣ್ಣ ಅಂಚಿನಲ್ಲಿ ಕದಡುತ್ತದೆ. ಕಾರಣ ಇಷ್ಟೇ: ಡಿವಿಡಿ ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಳ್ಳುತ್ತದೆ, ಬಣ್ಣದ ವಿವರವನ್ನು ಕಾಲು ಭಾಗ ಮಾತ್ರ. ಮದುವೆ ಅಂದರೆ ಕೆಂಪು ಬೇಕೇ ಬೇಕು ಅಂತ ಪಾರ್ಟಿ ಹಟ ಹಿಡಿದರೆ ಕುಂಕುಮದ ಕೆಂಪು ಬಿಟ್ಟು ಸ್ವಲ್ಪ ಕಂದು ಬೆರೆತ ಕೆಂಪಿಗೆ ಬನ್ನಿ. ಕೆಂಪು ಹಿನ್ನೆಲೆಯ ಮೇಲೆ ನೀಲಿ ಅಕ್ಷರ ಮಾತ್ರ ಯಾರು ಕೇಳಿದರೂ ಬೇಡ.

ಕನ್ನಡ ಅಕ್ಷರದ ಗೋಳು

"ಮುಹೂರ್ತ" ಅಂತ ಟೈಪ್ ಮಾಡಿದೆ ಅಂತಿಟ್ಟುಕೊಳ್ಳಿ. ಹಳೇ ಆಥರಿಂಗ್ (ಡಿವಿಡಿ ಕಟ್ಟುವ) ಸಾಫ್ಟ್‌ವೇರ್ ಪರದೆಯ ಮೇಲೆ ಅರ್ಕಾವತ್ತು ತನ್ನ ಜಾಗ ಬಿಟ್ಟು ಬೇರೆಲ್ಲೋ ನಿಂತಿರುತ್ತದೆ. "ಸಪ್ತಪದಿ"ಯ ತ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ಕೂತಿರುತ್ತದೆ. ಆ ಸಾಫ್ಟ್‌ವೇರ್‌ಗಳನ್ನು ಬರೆದವರಿಗೆ ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯ ಯೋಚನೆಯೇ ಇರಲಿಲ್ಲ.

ನನ್ನ ಪರಿಹಾರ ಸರಳ. ಆಥರಿಂಗ್ ಸಾಫ್ಟ್‌ವೇರ್ ಒಳಗೆ ಕನ್ನಡ ಟೈಪ್ ಮಾಡುವುದೇ ಇಲ್ಲ. ಅಕ್ಷರಗಳನ್ನೆಲ್ಲ ಹಿನ್ನೆಲೆ ಚಿತ್ರದಲ್ಲೇ ಬರೆದು, ಜೆಪೆಗ್ ಅಥವಾ ಪಿಎನ್‌ಜಿ ಮಾಡಿ ತರುತ್ತೇನೆ. ಅದರ ಮೇಲೆ ಬಟನ್ ಮಾತ್ರ ಇಡುತ್ತೇನೆ.

ಫೋಟೊಶಾಪ್‌ನಲ್ಲೂ ಒತ್ತಕ್ಷರ ಒಡೆಯುತ್ತಿದ್ದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನುವಲ್ಲಿಗೆ ಹೋಗಿ. ಅಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಎಂಜಿನ್ ಆರಿಸುವ ಆಯ್ಕೆ ಇದೆ. ಹೊಸ ಆವೃತ್ತಿಗಳಲ್ಲಿ ಅದರ ಹೆಸರು ವರ್ಲ್ಡ್ ರೆಡಿ ಲೇಔಟ್. ಅದನ್ನು ಆರಿಸಿ ಹೊಸ ಫೈಲ್ ತೆರೆದರೆ ಯುನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಜಿಂಪ್ ಮತ್ತು ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆಯೇ ಇಲ್ಲ. ಸ್ಟುಡಿಯೊಗಳಲ್ಲಿ ಇನ್ನೂ ನುಡಿ, ಶ್ರೀಲಿಪಿಯ ಹಳೇ ಫಾಂಟ್‌ಗಳನ್ನೇ ಬಳಸುವವರಿದ್ದಾರೆ. ಚಿತ್ರ ಮಾಡುವುದಕ್ಕೆ ಅವೂ ನಡೆಯುತ್ತವೆ. ಆದರೆ ಫೋಟೊಶಾಪ್‌ನ ಪಿಎಸ್‌ಡಿ ಫೈಲನ್ನು ಬೇರೆಯವರ ಕಂಪ್ಯೂಟರ್‌ನಲ್ಲಿ ತೆರೆದಾಗ ಆ ಫಾಂಟ್ ಇಲ್ಲದಿದ್ದರೆ ಮದುಮಗನ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿಬಿಡುತ್ತದೆ.

ಅಕ್ಷರದ ಎತ್ತರ ಎಷ್ಟಿರಬೇಕು? 576ರ ಎತ್ತರದಲ್ಲಿ ಬಟನ್ ಹೆಸರಿಗೆ 32 ಚುಕ್ಕೆಗಿಂತ ಕಡಿಮೆ ಇಟ್ಟರೆ ನನಗೆ ಸಮಾಧಾನವಾಗುವುದಿಲ್ಲ. ಕನ್ನಡಕ್ಕೆ ಇಂಗ್ಲಿಷ್‌ಗಿಂತ ಜಾಸ್ತಿ ಎತ್ತರ ಬೇಕು, ಮೇಲೆ ಗುಡಿಸು, ಕೆಳಗೆ ಒತ್ತು ಇರುತ್ತವಲ್ಲ. ಸಾಲುಗಳ ನಡುವೆಯೂ ಧಾರಾಳವಾಗಿ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ಗುದ್ದುತ್ತದೆ. ಸಣ್ಣ ಗೆರೆಯ ಫಾಂಟ್ ಬೇಡ, ಬೋಲ್ಡ್ ಇರಲಿ.

ಬಟನ್ ಅಂದರೆ ನಿಜವಾಗಿ ಏನು

ಇದು ಗೊತ್ತಾದರೆ ಅರ್ಧ ತೊಂದರೆ ತಾನಾಗಿಯೇ ಹೋಗುತ್ತದೆ. ಡಿವಿಡಿ ಮೆನುವಿನಲ್ಲಿ ನಾವು ನೋಡುವ ಚಂದದ ಬಟನ್ ಹಿನ್ನೆಲೆ ಚಿತ್ರದ ಭಾಗ ಅಷ್ಟೇ. ನಿಜವಾದ ಬಟನ್ ಅಂದರೆ ಅದರ ಮೇಲಿರುವ ಕಣ್ಣಿಗೆ ಕಾಣದ ಒಂದು ಆಯತ. ಆ ಆಯತದೊಳಗೆ ಒಂದು ತೆಳು ಪದರ ಇರುತ್ತದೆ, ಸಿನಿಮಾದ ಸಬ್‌ಟೈಟಲ್ ಬರುತ್ತದಲ್ಲ, ಅದೇ ಬಗೆಯದ್ದು. ಬಾಣದ ಕೀ ಒತ್ತಿದಾಗ ಪ್ಲೇಯರ್ ಆ ಪದರದ ಬಣ್ಣ ಬದಲಿಸುತ್ತದೆ. ಅದೇ ಹೈಲೈಟ್.

ಆ ಪದರದಲ್ಲಿ ಒಟ್ಟು ನಾಲ್ಕೇ ಬಣ್ಣ ಇರಲು ಸಾಧ್ಯ, ಅದರಲ್ಲಿ ಒಂದು ಪಾರದರ್ಶಕಕ್ಕೆ ಹೋಗುತ್ತದೆ. ಅಂದರೆ ನೆರಳು, ಹೊಳಪು, ಬಣ್ಣದಿಂದ ಬಣ್ಣಕ್ಕೆ ಜಾರುವ ಛಾಯೆ ಇವೆಲ್ಲ ಅಲ್ಲಿ ನಡೆಯುವುದಿಲ್ಲ. ಅಂಚು ನುಣುಪಾಗಿ ಬರುವುದಿಲ್ಲ, ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಅಕ್ಷರವನ್ನೇ ಹೈಲೈಟ್ ಮಾಡಲು ಹೋದರೆ "ಧಾರೆ"ಯ ಧ ಇಲಿ ಕಡಿದ ಹಾಗೆ ಕಾಣುವುದು ಇದಕ್ಕೇ.

ಹಾಗಾದರೆ ಏನು ಮಾಡಬೇಕು? ಅಕ್ಷರವನ್ನು ಅದರ ಪಾಡಿಗೆ ಬಿಡಿ. ಪಕ್ಕದಲ್ಲಿ ಒಂದು ದಪ್ಪ ಚುಕ್ಕೆ, ಇಲ್ಲವೇ ಕೆಳಗೆ ಆರು ಚುಕ್ಕೆ ದಪ್ಪದ ಗೆರೆ, ಇಲ್ಲವೇ ಸುತ್ತ ಒಂದು ಚೌಕಟ್ಟು. ಆಯ್ಕೆಯಾದಾಗ ಅದು ಮಾತ್ರ ಬೆಳಗಲಿ. ನನಗೆ ಹಿಡಿಸಿದ್ದು ಹಣತೆ. ಪ್ರತಿ ಹೆಸರಿನ ಎಡಕ್ಕೆ ಹಿನ್ನೆಲೆಯಲ್ಲೇ ಒಂದು ಆರಿದ ಹಣತೆ ಬರೆದಿರುತ್ತೇನೆ. ಹೈಲೈಟ್ ಪದರದಲ್ಲಿ ಉರಿಯ ಆಕಾರ ಮಾತ್ರ. ಬಾಣದ ಕೀ ಒತ್ತಿದಂತೆ ಒಂದು ಹಣತೆ ಆರಿ ಇನ್ನೊಂದು ಹತ್ತುತ್ತದೆ. ಎರಡೇ ಬಣ್ಣ ಸಾಕು. ಹತ್ತಡಿಯಿಂದ ಸ್ಪಷ್ಟ ಕಾಣುತ್ತದೆ, ಹಿನ್ನೆಲೆ ಕಡು ಬಣ್ಣದ್ದಾಗಿರಬೇಕು ಅಷ್ಟೇ.

ಪ್ರತಿ ಬಟನ್‌ಗೆ ಮೂರು ಸ್ಥಿತಿ: ಸುಮ್ಮನಿದ್ದಾಗ, ಆಯ್ಕೆಯಾದಾಗ, ಓಕೆ ಒತ್ತಿದಾಗ. ಸುಮ್ಮನಿದ್ದಾಗ ಪೂರ್ತಿ ಪಾರದರ್ಶಕ ಇಡಿ. ಆಯ್ಕೆಯಾದಾಗ ಹಳದಿ. ಒತ್ತಿದಾಗ ಬಿಳಿ. ಈ ಮೂರನೆಯದು ಕಣ್ಣು ಮಿಟುಕಿಸುವಷ್ಟು ಹೊತ್ತು ಕಂಡರೂ ಬೇಕು. ಹಳೇ ಪ್ಲೇಯರ್ ವಿಡಿಯೊ ಹುಡುಕಲು ಒಂದೆರಡು ಸೆಕೆಂಡ್ ತೆಗೆದುಕೊಳ್ಳುತ್ತದೆ. ಒತ್ತಿದ್ದು ತಲುಪಿತು ಅಂತ ಗೊತ್ತಾಗದಿದ್ದರೆ ಜನ ಮತ್ತೆ ಮತ್ತೆ ಒತ್ತುತ್ತಾರೆ.

ಸ್ಟೈಲರ್‌ನಲ್ಲಿ ಎಡಗಡೆ ಬಟನ್‌ಗಳ ಟ್ಯಾಬ್ ಇದೆ. ಬೇಕಾದ್ದನ್ನು ಎಳೆದು ಮೆನು ಮೇಲೆ ಬಿಡಿ. ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಎಲ್ಲಿಗೆ ಜಿಗಿಯಬೇಕು, ಬಣ್ಣ ಯಾವುದು, ಜಾಗ ಎಲ್ಲಿ ಎಲ್ಲವೂ ಅಲ್ಲೇ. ಕೈಯಲ್ಲಿ ಎಳೆದು ಸಾಲು ಹೊಂದಿಸಬೇಡಿ, ಅಂಕಿ ಹಾಕಿ ಹೊಂದಿಸಿ. ಒಂದು ಬಟನ್‌ನ ಆಯತ ಇನ್ನೊಂದರ ಮೇಲೆ ಏರಬಾರದು. ಕನ್ನಡದ ಉದ್ದ ಹೆಸರುಗಳಿಂದ ಹೀಗಾಗುವುದು ಜಾಸ್ತಿ. "ಅರುಂಧತಿ ದರ್ಶನ"ದ ಪೂರ್ತಿ ಉದ್ದಕ್ಕೂ ಆಯತ ಎಳೆಯುವ ಬದಲು ಹಣತೆಯ ಸುತ್ತ ಮಾತ್ರ ಇಟ್ಟರೆ ಆ ತಲೆನೋವೇ ಇಲ್ಲ.

ಎನ್‌ಕೋರ್ ಬಳಸುವವರಿಗೆ ಒಂದು ಮಾತು. ಅಲ್ಲಿ ಮೆನು ಅಂದರೆ ಫೋಟೊಶಾಪ್ ಫೈಲೇ. ಲೇಯರ್ ಗುಂಪಿನ ಹೆಸರು (+) ಅಂತ ಶುರುವಾದರೆ ಅದು ಬಟನ್ ಆಗುತ್ತದೆ, ಒಳಗಿನ ಲೇಯರ್ ಹೆಸರು (=1) ಅಂತ ಶುರುವಾದರೆ ಹೈಲೈಟ್ ಆಗುತ್ತದೆ. ಚಿಹ್ನೆ ಹಾಕಲು ಮರೆತು ಬಟನ್ ಕೆಲಸ ಮಾಡ್ತಿಲ್ಲ ಅಂತ ಇಡೀ ಮಧ್ಯಾಹ್ನ ಕಳೆದವರಲ್ಲಿ ನಾನೂ ಒಬ್ಬ.

ನಾಲ್ಕು ಬಾಣದ ದಾರಿ

ಪ್ರತಿ ಬಟನ್‌ಗೂ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒತ್ತಿದರೆ ಯಾವ ಬಟನ್‌ಗೆ ಹೋಗಬೇಕು ಅಂತ ನಾವೇ ಹೇಳಬಹುದು. ಸಾಫ್ಟ್‌ವೇರ್‌ಗೆ ಬಿಟ್ಟರೆ ಅದು ಹತ್ತಿರ ಕಂಡದ್ದಕ್ಕೆ ಜೋಡಿಸುತ್ತದೆ. ಮೂರು ಬಟನ್ ಒಂದೇ ಸಾಲಿನಲ್ಲಿದ್ದರೆ ಅದು ಸಾಕು. ಎರಡು ಕಂಬಸಾಲು ಇದ್ದರೆ ಕೈಯಿಂದಲೇ ಮಾಡಿ.

ನಮ್ಮ ಶಾಸ್ತ್ರಗಳ ಮೆನು ನೋಡೋಣ. ಎಡಕ್ಕೆ ಚಪ್ಪರ, ವರಪೂಜೆ, ಕಾಶಿಯಾತ್ರೆ. ಬಲಕ್ಕೆ ಧಾರೆ, ಸಪ್ತಪದಿ, ಅರುಂಧತಿ ದರ್ಶನ. ಕೆಳಗೆ ನಡುವೆ "ಹಿಂದೆ". ಕಾಶಿಯಾತ್ರೆಯಲ್ಲಿ ಕೆಳಗೆ ಒತ್ತಿದರೆ? ನಾನು ಧಾರೆಗೆ ಕಳಿಸುತ್ತೇನೆ. ಅರುಂಧತಿ ದರ್ಶನದಲ್ಲಿ ಕೆಳಗೆ ಒತ್ತಿದರೆ "ಹಿಂದೆ". "ಹಿಂದೆ"ಯಲ್ಲಿ ಕೆಳಗೆ ಒತ್ತಿದರೆ ಮತ್ತೆ ಚಪ್ಪರ. ಹೀಗೆ ಮಾಡಿದರೆ ಕೆಳಗಿನ ಬಾಣ ಒಂದನ್ನೇ ಒತ್ತುತ್ತಾ ಹೋದರೂ ಏಳೂ ಬಟನ್ ಸಿಗುತ್ತವೆ. ಅಜ್ಜಿ ಬಳಸಿದ್ದು ಆ ಒಂದೇ ಕೀ. ಎಡಬಲದ ಕೀ ಗೊತ್ತಿದ್ದವರಿಗೆ ಅಡ್ಡದಾರಿಯೂ ಇರಲಿ: ವರಪೂಜೆಯಿಂದ ಬಲಕ್ಕೆ ಸಪ್ತಪದಿ, ಹೀಗೆ.

ಬಹಳಷ್ಟು ಪ್ಲೇಯರ್‌ಗಳಲ್ಲಿ ರಿಮೋಟಿನ ಅಂಕಿ ಕೀ ಒತ್ತಿದರೆ ಆ ಸಂಖ್ಯೆಯ ಬಟನ್ ನೇರವಾಗಿ ಸಿಗುತ್ತದೆ. ಆದ್ದರಿಂದ ಬಟನ್‌ಗಳ ಸಂಖ್ಯೆ ಕಣ್ಣಿಗೆ ಕಾಣುವ ಕ್ರಮದಲ್ಲೇ ಇರಲಿ. ಹೆಸರಿನ ಮುಂದೆ 1, 2, 3 ಅಂತ ಬರೆದುಬಿಟ್ಟರೆ "4 ಒತ್ತಿದ್ರೆ ಧಾರೆ ಬರುತ್ತೆ ಅಜ್ಜಿ" ಅಂತ ಫೋನಿನಲ್ಲೇ ಹೇಳಬಹುದು.

ಅಧ್ಯಾಯ, ಮತ್ತು ವಿಡಿಯೊ ಮುಗಿದ ಮೇಲೆ

ಪೂರ್ತಿ ಮದುವೆ ಒಂದೇ ವಿಡಿಯೊ ಆಗಿದ್ದರೆ ಅದನ್ನು ತುಂಡು ಮಾಡಬೇಕಿಲ್ಲ. ಅಧ್ಯಾಯದ ಗುರುತು ಹಾಕಿ. ಸ್ಟೈಲರ್‌ನಲ್ಲಿ ಕೆಳಗಿನ ಪಟ್ಟಿಯಲ್ಲಿರುವ ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಚಾಪ್ಟರ್ ಅನ್ನುವ ಜಾಗದಲ್ಲಿ ಸಮಯಗಳನ್ನು ಅಲ್ಪವಿರಾಮ ಹಾಕಿ ಬರೆಯಿರಿ. ಒಂದು ವಿಡಿಯೊದಲ್ಲಿ 99 ಅಧ್ಯಾಯದವರೆಗೆ ಅವಕಾಶ ಇದೆ.

ಗುರುತು ಕೆಲವೊಮ್ಮೆ ನಾವು ಹೇಳಿದ ಫ್ರೇಮಿಗೇ ಬೀಳುವುದಿಲ್ಲ, ಅರ್ಧ ಸೆಕೆಂಡಿನಷ್ಟು ಆಚೀಚೆ ಆಗುತ್ತದೆ. ಡಿವಿಡಿ ವಿಡಿಯೊದಲ್ಲಿ ಫ್ರೇಮ್‌ಗಳು ಗುಂಪು ಗುಂಪಾಗಿರುತ್ತವೆ. ಪಾಲ್‌ನಲ್ಲಿ ಒಂದು ಗುಂಪಿಗೆ ಹೆಚ್ಚೆಂದರೆ 15 ಫ್ರೇಮ್. ಜಿಗಿತ ಏನಿದ್ದರೂ ಗುಂಪಿನ ಮೊದಲ ಫ್ರೇಮಿಗೆ. ಮಾಂಗಲ್ಯ ಧಾರಣೆಯ ಗಟ್ಟಿಮೇಳಕ್ಕೆ ಸರಿಯಾಗಿ ಗುರುತು ಹಾಕಿದರೆ ಮೊದಲ ಪೆಟ್ಟು ತಪ್ಪಿಹೋಗಬಹುದು. ಎರಡು ಸೆಕೆಂಡ್ ಮೊದಲೇ ಹಾಕಿ.

ಮುಗಿದ ಮೇಲೆ ಎಲ್ಲಿಗೆ ಅನ್ನುವುದನ್ನು ಅದೇ ಕಿಟಕಿಯ ಪೋಸ್ಟ್ ಕಮಾಂಡ್‌ನಲ್ಲಿ ಹೇಳಬೇಕು. ಕೊನೆಯ ಮೆನುವಿಗೆ ವಾಪಸ್ ಕರೆ ಅನ್ನುವ ಅರ್ಥದ ಕಾಲ್ ಲಾಸ್ಟ್ ಮೆನು ಅನ್ನುವ ಆಯ್ಕೆ ಅಲ್ಲಿದೆ. ಬಹುಪಾಲು ಕೆಲಸಕ್ಕೆ ಅದೇ ಸಾಕು.

ಬೇರೆ ಬೇರೆ ವಿಡಿಯೊಗಳಿದ್ದು, "ಪೂರ್ತಿ ನೋಡಿ" ಒತ್ತಿದರೆ ಎಲ್ಲ ಸಾಲಾಗಿ ಓಡಬೇಕು, ಒಂದನ್ನೇ ಆರಿಸಿದರೆ ಅದು ಮುಗಿದು ಮೆನುಗೆ ಬರಬೇಕು ಅಂದರೆ ಸ್ವಲ್ಪ ಬುದ್ಧಿ ಓಡಿಸಬೇಕು. ಡಿವಿಡಿ ಪ್ಲೇಯರ್‌ನಲ್ಲಿ ನಮ್ಮ ಉಪಯೋಗಕ್ಕೆ ಅಂತಲೇ 16 ಪುಟ್ಟ ನೆನಪಿನ ಗೂಡುಗಳಿವೆ. ಪೂರ್ತಿ ನೋಡಿ ಒತ್ತಿದಾಗ ಒಂದು ಗೂಡಿನಲ್ಲಿ 1 ಅಂತ ಇಡು, ಬೇರೆ ಬಟನ್ ಒತ್ತಿದರೆ 0 ಇಡು. ಪ್ರತಿ ವಿಡಿಯೊ ಮುಗಿದಾಗ ಗೂಡು ನೋಡು, 1 ಇದ್ದರೆ ಮುಂದಿನ ವಿಡಿಯೊ, 0 ಇದ್ದರೆ ಮೆನು. ಇಷ್ಟೇ ತರ್ಕ. ಸ್ಟೈಲರ್‌ನಲ್ಲಿ ಬಟನ್‌ಗೆ ಪ್ಲೇ ಆಲ್ ಅನ್ನುವ ಆಯ್ಕೆ ಕೊಟ್ಟರೆ ಅದೇ ಮಾಡಿಕೊಳ್ಳುತ್ತದೆ. ಎನ್‌ಕೋರ್‌ನಲ್ಲಿ ಇದೇ ಕೆಲಸಕ್ಕೆ ಪ್ಲೇಲಿಸ್ಟ್ ಇದೆ.

ಹಾಡು ಮತ್ತು ಚಲನೆ

ಮೆನುವಿಗೆ ಹಾಡು ಹಾಕುವಾಗ ಇಪ್ಪತ್ತರಿಂದ ಮೂವತ್ತು ಸೆಕೆಂಡ್ ಸಾಕು. ಶುರುವಿನಲ್ಲಿ ನಿಧಾನ ಏರಿ, ಕೊನೆಯಲ್ಲಿ ನಿಧಾನ ಇಳಿಯಲಿ. ಇಲ್ಲದಿದ್ದರೆ ಸುತ್ತು ಮುಗಿದು ಮತ್ತೆ ಶುರುವಾಗುವಾಗ ಪಟ್ ಅಂತ ಕತ್ತರಿಸಿದ ಹಾಗಾಗುತ್ತದೆ. ಆ ಕ್ಷಣ ಪ್ಲೇಯರ್ ಸ್ವಲ್ಪ ತಡೆಯುವುದು ಸಹಜ, ಹೈಲೈಟ್ ಕೂಡ ಒಂದು ಕ್ಷಣ ಮಾಯವಾಗಬಹುದು. ಚಲಿಸುವ ಹಿನ್ನೆಲೆಯಾದರೆ ಮೊದಲ ಮತ್ತು ಕೊನೆಯ ಫ್ರೇಮ್ ಒಂದೇ ಥರ ಇರಲಿ. ದೀಪದ ಉರಿ, ತೋರಣದ ಮಾವಿನೆಲೆಯ ಅಲುಗಾಟ ಇಂಥವು ಚೆನ್ನಾಗಿ ಹೊಂದುತ್ತವೆ. ಬಟನ್ ಬರುವ ಮೊದಲು ಹತ್ತು ಸೆಕೆಂಡಿನ ಗ್ರಾಫಿಕ್ಸ್ ಹಾರಿಸಬೇಡಿ. ಮೊದಲ ಸಲ ಮಜಾ, ಐದನೇ ಸಲ ಶಿಕ್ಷೆ.

ಪರೀಕ್ಷೆ

ನೇರವಾಗಿ ಡಿಸ್ಕ್‌ಗೆ ರೈಟ್ ಮಾಡಬೇಡಿ. ಮೊದಲು ಐಎಸ್‌ಒ ಫೈಲ್ (ಇಡೀ ಡಿಸ್ಕ್‌ನ ಪ್ರತಿರೂಪ) ಮಾಡಿ, ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆಯಿರಿ. ಮೌಸ್ ಮುಟ್ಟಬೇಡಿ! ಮೌಸ್‌ನಲ್ಲಿ ಎಲ್ಲ ಬಟನ್ನೂ ಕೆಲಸ ಮಾಡುತ್ತದೆ, ಬಾಣದ ದಾರಿಯ ತಪ್ಪು ಕಾಣುವುದೇ ಇಲ್ಲ. ಕೀಬೋರ್ಡಿನ ಬಾಣ ಮತ್ತು ಎಂಟರ್ ಮಾತ್ರ ಬಳಸಿ. ಕಾಗದದ ನಕ್ಷೆ ಪಕ್ಕದಲ್ಲಿಟ್ಟುಕೊಂಡು ಪ್ರತಿ ಬಾಣಕ್ಕೂ ಟಿಕ್ ಹಾಕುತ್ತಾ ಬನ್ನಿ.

ಆಮೇಲೆ ಮತ್ತೆ ಮತ್ತೆ ಬರೆಯಬಹುದಾದ ಒಂದು ಡಿಸ್ಕ್‌ಗೆ ಹಾಕಿ, ನಿಜವಾದ ಪ್ಲೇಯರ್‌ನಲ್ಲಿ, ನಿಜವಾದ ಟಿವಿಯಲ್ಲಿ ನೋಡಿ. ವಿಡಿಯೊ ಓಡುತ್ತಿರುವಾಗ ರಿಮೋಟಿನ ಮೆನು ಕೀ ಒತ್ತಿ ನೋಡುವುದನ್ನು ಮರೆಯಬೇಡಿ. ಡಿವಿಡಿಯಲ್ಲಿ ಮೆನುಗಳಿಗೆ ಎರಡು ಮನೆ ಇವೆ: ಇಡೀ ಡಿಸ್ಕ್‌ಗೆ ಸೇರಿದ್ದು ಒಂದು, ವಿಡಿಯೊ ಗುಂಪಿಗೆ ಸೇರಿದ್ದು ಇನ್ನೊಂದು. ರಿಮೋಟಿನ ಟೈಟಲ್ ಕೀ ಮೊದಲನೆಯದನ್ನು, ಮೆನು ಕೀ ಎರಡನೆಯದನ್ನು ಹುಡುಕುತ್ತದೆ. ಒಂದು ಕಡೆ ಮಾತ್ರ ಮೆನು ಇಟ್ಟಿದ್ದರೆ ಒಂದು ಕೀ ಸತ್ತಂತಿರುತ್ತದೆ.

ಎಲ್ಲ ಸರಿ ಇದ್ದರೆ 4 ಅಥವಾ 8ರ ವೇಗದಲ್ಲಿ ರೈಟ್ ಮಾಡಿ, ಬರೆದದ್ದನ್ನು ಪರಿಶೀಲಿಸುವ ಆಯ್ಕೆ ಆನ್ ಇರಲಿ. ಡಿಸ್ಕ್ ಮೇಲೆ ಕಾಗದದ ಸ್ಟಿಕರ್ ಅಂಟಿಸಬೇಡಿ, ತಿರುಗುವಾಗ ತೂಕ ಏರುಪೇರಾಗುತ್ತದೆ.

ಕೊಟ್ಟ ಮೇಲೆ ತಿದ್ದುವುದು

ಅತ್ತೆಯ ಹೆಸರು ತಪ್ಪಾಗಿದೆ ಅಂತ ಫೋನ್ ಬಂದೇ ಬರುತ್ತದೆ. ಹಾಗಾಗಿ ಪ್ರಾಜೆಕ್ಟ್ ಫೈಲ್, ಹಿನ್ನೆಲೆಯ ಲೇಯರ್ ಇರುವ ಫೈಲ್, ಫಾಂಟ್, ಹಾಡು, ವಿಡಿಯೊ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ಸ್ಟೈಲರ್‌ನ ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೊ ಇರುವುದಿಲ್ಲ, ಅದು ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ವಿಡಿಯೊ ಅಳಿಸಿದರೆ ಪ್ರಾಜೆಕ್ಟ್ ಇದ್ದೂ ಇಲ್ಲದ ಹಾಗೆ.

ಪ್ರಾಜೆಕ್ಟ್ ಕಳೆದುಹೋಗಿ ಡಿಸ್ಕ್ ಮಾತ್ರ ಉಳಿದಿದ್ದರೆ? ಬಟನ್ ತಪ್ಪು ಜಾಗಕ್ಕೆ ಹೋಗುತ್ತಿದೆ ಅನ್ನುವಷ್ಟೇ ದೋಷವಾದರೆ ಪಿಜಿಸಿ ಎಡಿಟ್ ಅನ್ನುವ ವಿಂಡೋಸ್ ಸಾಫ್ಟ್‌ವೇರ್ ಇದೆ. ಡಿಸ್ಕ್‌ನ ವಿಡಿಯೊ_ಟಿಎಸ್ ಫೋಲ್ಡರನ್ನು ಕಂಪ್ಯೂಟರಿಗೆ ಕಾಪಿ ಮಾಡಿ, ಇನ್ನೊಂದು ಕಾಪಿ ತೆಗೆದಿಟ್ಟು, ಇದರಲ್ಲಿ ತೆರೆಯಿರಿ. ಐಎಫ್‌ಒ ಫೈಲುಗಳಲ್ಲಿರುವ ಜಿಗಿತದ ಆಜ್ಞೆಗಳನ್ನು ವಿಡಿಯೊ ಮುಟ್ಟದೆ ಬದಲಿಸಬಹುದು. ಮತ್ತೆ ಎನ್‌ಕೋಡ್ ಮಾಡಬೇಕಿಲ್ಲ (ವಿಡಿಯೊವನ್ನು ಡಿವಿಡಿಯ ರೂಪಕ್ಕೆ ಮತ್ತೆ ಬದಲಿಸಬೇಕಿಲ್ಲ), ಗುಣಮಟ್ಟ ಹಾಳಾಗುವುದಿಲ್ಲ. ಆದರೆ ಅತ್ತೆಯ ಹೆಸರು ಹಿನ್ನೆಲೆ ಚಿತ್ರದಲ್ಲಿ ಬೆರೆತುಹೋಗಿರುತ್ತದೆ. ಅದಕ್ಕೆ ಹೊಸ ಮೆನುವೇ ಮಾಡಬೇಕು. ಡಿಸ್ಕ್‌ನಲ್ಲಿ ವಿಡಿಯೊ ಇರುವ ವಿಒಬಿ ಫೈಲುಗಳನ್ನು ಹೊಸ ಪ್ರಾಜೆಕ್ಟಿಗೆ ತಂದು, ಮತ್ತೆ ಎನ್‌ಕೋಡ್ ಮಾಡದೆ ಇದ್ದ ಹಾಗೇ ಕಾಪಿ ಮಾಡುವ ಆಯ್ಕೆ ಕೊಟ್ಟು, ಅಧ್ಯಾಯದ ಗುರುತುಗಳನ್ನು ಮತ್ತೆ ಹಾಕಿ.

ಆ ಅಜ್ಜಿಯ ಮನೆಗೆ ಹೊಸ ಡಿಸ್ಕ್ ತೆಗೆದುಕೊಂಡು ಹೋದಾಗ ಹಣತೆಯ ಮೆನು ಹಾಕಿದ್ದೆ. ಶಾಸ್ತ್ರಗಳ ಮೆನು ತೆರೆದು, ರಿಮೋಟ್ ಕೈಗೆ ಕೊಟ್ಟು ಸುಮ್ಮನೆ ಕೂತೆ. ಕೆಳಗಿನ ಬಾಣ ಮೂರು ಸಲ ಒತ್ತಿದರು, ಓಕೆ ಒತ್ತಿದರು. ಧಾರೆ ಶುರುವಾಯಿತು. "ಈ ದೀಪ ಮೊದಲೇ ಹಚ್ಚೋಕೆ ಏನಾಗಿತ್ತಪ್ಪಾ ನಿಂಗೆ?" ಅಂದರು.